ಮಳೆಯ ಲೆಕ್ಕ ಮಕ್ಕಳ ಕೈಗೆ

ಶಾಲೆ ಬಿಟ್ಟ ಮೇಲೆ ಒಂದು ಗಂಟೆ. ಒಂದು ಲೀಟರಿನ ಬಾಟಲಿ, ಒಂದು ನೋಟ್‌ಬುಕ್. ನೀರಿನ ಪಾಠಕ್ಕೆ ಇಷ್ಟು ಸಾಕು. ಘೋಷಣೆ ಬರೆಸುವುದನ್ನು ನಿಲ್ಲಿಸಿ ಅಳೆಯುವುದನ್ನು ಕಲಿಸಿದರೆ, ಊರಿನ ನೀರು ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಮಕ್ಕಳೇ ಕೇಳುತ್ತಾರೆ. ಆಗ ದೊಡ್ಡವರು ಉತ್ತರ ಹೇಳಲೇಬೇಕು.

ಸಂಜೆ ನಾಲ್ಕೂವರೆ. ಕೋಲಾರ ಜಿಲ್ಲೆಯ ಒಂದು ಹಳ್ಳಿ. ಶಾಲೆ ಬಿಟ್ಟು ಬಂದ ಮಕ್ಕಳು ಬ್ಯಾಗುಗಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಜಗಲಿಯ ಮೇಲೆ ಎಸೆದು, ಎದುರಿಗಿರುವ ಮಿನಿ ಟ್ಯಾಂಕಿಗೆ ಮುತ್ತಿಕೊಂಡಿದ್ದಾರೆ. ಟ್ಯಾಂಕಿಗೆ ನಾಲ್ಕು ನಲ್ಲಿ. ಒಂದರ ವಾಷರ್ ಸವೆದು ಯಾವ ಕಾಲವಾಯಿತೋ. ಎಷ್ಟು ಬಿಗಿ ತಿರುಗಿಸಿದರೂ ಸಣ್ಣಗೆ ಸೋರುತ್ತಲೇ ಇದೆ. ಕೆಳಗೆ ಪಾಚಿ ಕಟ್ಟಿದ ಕಲ್ಲು, ಅದರ ಪಕ್ಕ ಎಮ್ಮೆ ಹೊರಳಿದ ಕೆಸರು.

ಐದನೇ ತರಗತಿಯ ಹುಡುಗಿ ಲೀಟರಿನ ಬಾಟಲಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಇನ್ನೊಬ್ಬನ ಕಣ್ಣು ಗ್ರಂಥಾಲಯದ ಮೇಡಂ ಕೊಟ್ಟ ಮೊಬೈಲಿನ ಗಡಿಯಾರದ ಮೇಲೆ.

“ತುಂಬಿತು ಮೇಡಂ!”

“ಎಷ್ಟು ನಿಮಿಷ?”

“ಹನ್ನೆರಡು.”

ಹನ್ನೆರಡು ನಿಮಿಷಕ್ಕೆ ಒಂದು ಲೀಟರ್. ಗಂಟೆಗೆ ಐದು. ದಿನಕ್ಕೆ ನೂರಿಪ್ಪತ್ತು. ಸೀಮೆಸುಣ್ಣದಲ್ಲಿ ಜಗಲಿಯ ಮೇಲೆಯೇ ಲೆಕ್ಕ ನಡೆಯುತ್ತದೆ. ಹದಿನೈದು ಲೀಟರಿನ ಬಿಂದಿಗೆಯಲ್ಲಿ ಹೇಳಿದರೆ ಎಂಟು ಬಿಂದಿಗೆ. ಲೆಕ್ಕ ಮುಗಿಸಿದ ಹುಡುಗನ ಮುಖ ಅರಳುತ್ತದೆ. ಬಾಟಲಿ ಹಿಡಿದಿದ್ದ ಹುಡುಗಿ ಮಾತ್ರ ಸುಮ್ಮನಿದ್ದು, ಆಮೇಲೆ ಹೇಳುತ್ತಾಳೆ: “ನಮ್ಮನೇಗೆ ಅಮ್ಮ ದಿನಾ ಹೊರೋದು ಆರೇ ಬಿಂದಿಗೆ.”

ಆ ಮಾತಿನ ಮೇಲೆ ಯಾರೂ ಪಾಠ ಹೇಳಬೇಕಾಗಲಿಲ್ಲ. ಮಕ್ಕಳೆಲ್ಲ ಸೇರಿ ಪಂಚಾಯಿತಿಯ ವಾಟರ್‌ಮ್ಯಾನ್ ಮನೆಯ ಮುಂದೆ ಹೋಗಿ ನಿಂತರು. ಮಾರನೆಯ ದಿನ ನಲ್ಲಿಗೆ ಹೊಸ ವಾಷರ್ ಬಂತು.

ಗೋಡೆಯ ಮೇಲಿನ ನೀರು

ನಮ್ಮಲ್ಲಿ ಶಾಲೆ ಬಾಗಿಲು ತೆರೆಯುವುದೂ ಮುಂಗಾರು ಕಾಲಿಡುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ನೀರಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇರೆ ಇಲ್ಲ. ಆದರೆ ನಾವು ಆ ಪಾಠವನ್ನು ಇಟ್ಟುಕೊಂಡಿರುವುದು ಮಾರ್ಚ್ 22ಕ್ಕೆ, ವಿಶ್ವ ಜಲ ದಿನಕ್ಕೆ. ಅದು ಪರೀಕ್ಷೆಯ ಕಾಲ. ಒಂದು ಚಿತ್ರಕಲಾ ಸ್ಪರ್ಧೆ, ಒಂದು ಜಾಥಾ, ಒಂದು ಪ್ರಮಾಣವಚನ. ಮಕ್ಕಳು ನಲ್ಲಿಯಿಂದ ಭೂಮಿಯ ಗೋಳ ತೊಟ್ಟಿಕ್ಕುವ ಚಿತ್ರ ಬರೆಯುತ್ತಾರೆ, ಬಹುಮಾನ ಪಡೆಯುತ್ತಾರೆ. ಶಾಲೆಯ ಹಿಂಬದಿಯಲ್ಲಿ ನಲ್ಲಿ ಸೋರುತ್ತಲೇ ಇರುತ್ತದೆ.

ತಪ್ಪು ಮಕ್ಕಳದ್ದಲ್ಲ, ಶಿಕ್ಷಕರದ್ದೂ ಅಲ್ಲ. ಪಠ್ಯಕ್ಕೆ ಅಂಟಿಕೊಂಡ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ನಲ್ಲಿಯ ಕೆಳಗೆ ಹನ್ನೆರಡು ನಿಮಿಷ ಬಾಟಲಿ ಹಿಡಿದು ಕೂರಲು ಬಿಡುವೆಲ್ಲಿ? ಕೆರೆಯ ಏರಿಯ ಮೇಲೆ ನಡೆದು ಬರಲು ಸಮಯವೆಲ್ಲಿ? ಹಾಗಾಗಿಯೇ ಶಾಲೆ ಬಿಟ್ಟ ಮೇಲಿನ ಆ ಒಂದು ಗಂಟೆಗೆ ಅಷ್ಟು ಬೆಲೆ. ಅಲ್ಲಿ ಅಂಕ ಇಲ್ಲ, ಗಂಟೆ ಹೊಡೆಯುವುದಿಲ್ಲ. ಮೂರನೇ ತರಗತಿಯವನೂ ಎಂಟನೇ ತರಗತಿಯವಳೂ ಒಟ್ಟಿಗೆ ಕೂರಬಹುದು. ದೊಡ್ಡವಳು ಗುಣಾಕಾರ ಮಾಡುತ್ತಾಳೆ, ಚಿಕ್ಕವನು ಹನಿ ಎಣಿಸುತ್ತಾನೆ.

ಇದಕ್ಕೆ ಜಾಗ ಹುಡುಕಬೇಕಾಗಿಲ್ಲ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಅನೇಕ ಕಡೆ ಅವು ಬಣ್ಣ ಬಳಿದುಕೊಂಡು, ಕಂಪ್ಯೂಟರು, ಚೆಸ್ ಬೋರ್ಡು, ಕತೆ ಪುಸ್ತಕ ಇಟ್ಟುಕೊಂಡು ಅರಿವು ಕೇಂದ್ರಗಳಾಗಿವೆ. ಸಂಜೆಯಾದರೆ ಮಕ್ಕಳು ತಾವಾಗಿಯೇ ಬರುತ್ತಾರೆ. ನಗರದಲ್ಲಿ ಬಾಲಭವನಗಳಿವೆ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸುಗಳಿವೆ, ಬೀದಿಗೆರಡು ಟ್ಯೂಷನ್ ಮನೆಗಳಿವೆ. ಬೇಕಿರುವುದು ನೀರನ್ನು ಮುಟ್ಟಿ, ಅಳೆದು, ಬರೆದಿಡುವ ಅಭ್ಯಾಸ.

ಅಳತೆ ಅಂದರೆ ಒಣ ವಿಷಯ ಅನ್ನಿಸಬಹುದು. ಮಕ್ಕಳ ಜೊತೆ ಒಮ್ಮೆ ಕೂತರೆ ಆ ಅನುಮಾನ ಹೋಗುತ್ತದೆ. “ನೀರು ಉಳಿಸು” ಅಂದರೆ ಅದು ದೊಡ್ಡವರ ಮಾತು. “ದಿನಕ್ಕೆ ಎಂಟು ಬಿಂದಿಗೆ” ಎಂಬುದು ಆ ಮಗುವಿನ ಸ್ವಂತ ಸಂಪಾದನೆ. ಅದನ್ನು ಅದು ಮನೆಗೆ ಒಯ್ಯುತ್ತದೆ, ಅಜ್ಜಿಗೆ ಹೇಳುತ್ತದೆ, ಪಂಚಾಯಿತಿ ಮೆಂಬರ್ ಎದುರು ಸಿಕ್ಕರೆ ಅವರಿಗೂ ಹೇಳುತ್ತದೆ.

ಬಾಟಲಿಯೊಳಗಿನ ಮಳೆ

ಸೋರುವ ನಲ್ಲಿ ಮೊದಲ ಪಾಠವಾದರೆ ಎರಡನೆಯದು ಮಳೆ. ಅದಕ್ಕೆ ಬೇಕಾದದ್ದು ಮದುವೆ ಮನೆಯಿಂದ ಎತ್ತಿಕೊಂಡು ಬಂದ ಎರಡು ಲೀಟರಿನ ಖಾಲಿ ಕೂಲ್‌ಡ್ರಿಂಕ್ ಬಾಟಲಿ.

ಮಕ್ಕಳು ಮಳೆಮಾಪಕ ಮಾಡುವುದನ್ನು ನೋಡುವುದೇ ಒಂದು ಸಂತೋಷ. ಕತ್ತರಿ ಹಿಡಿಯಲು ಜಗಳ. ತಳದ ಉಬ್ಬುತಗ್ಗು ಮುಚ್ಚುವಷ್ಟು ಬೆಣಚುಕಲ್ಲು ಹಾಕಬೇಕು. ಸ್ಕೇಲಿನ ಗೆರೆಗಳನ್ನು ಪಟ್ಟಿಯ ಮೇಲೆ ಎಳೆದು ಅಂಟಿಸಬೇಕು. ಸೊನ್ನೆ ಎಲ್ಲಿ ಬರಬೇಕು ಎಂಬುದೇ ದೊಡ್ಡ ಚರ್ಚೆ. “ಕಲ್ಲಿನ ಮೇಲೆ ನೀರು ಸಮನಾಗಿ ನಿಲ್ಲುತ್ತಲ್ಲ, ಅಲ್ಲಿ” ಎಂದು ಯಾರೋ ಕಂಡುಹಿಡಿದಾಗ ಉಳಿದವರಿಗೆಲ್ಲ ಹೊಟ್ಟೆಕಿಚ್ಚು.

ಆಮೇಲೆ ಕಾಯುವುದು. ನೀರಿನ ಪಾಠದಲ್ಲಿ ಈ ಕಾಯುವಿಕೆಗೂ ಒಂದು ಜಾಗವಿದೆ. ಮೋಡ ಕಟ್ಟುತ್ತದೆ, ಗಾಳಿ ಹಾರಿಸಿಕೊಂಡು ಹೋಗುತ್ತದೆ. ಪಕ್ಕದೂರಿಗೆ ಬಂದ ಮಳೆ ನಮ್ಮೂರಿಗೆ ಬರುವುದಿಲ್ಲ. ಬಯಲುಸೀಮೆಯ ರೈತ ಪ್ರತಿ ವರ್ಷ ಪಡುವ ಆತಂಕ ಹತ್ತು ವರ್ಷದ ಮಗುವಿಗೆ ಮೊದಲ ಸಲ ಅರ್ಥವಾಗುವುದು ಹೀಗೆ. ಕೊನೆಗೊಂದು ರಾತ್ರಿ ಮಳೆ ಬಂದರೆ ಬೆಳಿಗ್ಗೆ ಎದ್ದವರೇ ಹಲ್ಲುಜ್ಜುವ ಮೊದಲೇ ಬಾಟಲಿ ನೋಡಲು ಓಡುತ್ತಾರೆ.

> ಬಾಕ್ಸ್: ಮಳೆಮಾಪಕ ಮಾಡಿ ನೋಡಿ
>
> ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗು ಮಾಡಿ ಅದೇ ಬಾಟಲಿಯ ಬಾಯಿಗೆ ಆಲಿಕೆಯಂತೆ ಕೂರಿಸಿ.
>
> ತಳಕ್ಕೆ ಕಲ್ಲು ಹಾಕಿ, ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ. ಆ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ.
>
> ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ಇಡಿ. ನೆಲದ ನೀರು ಸಿಡಿಯದಂತೆ ಒಂದಡಿ ಎತ್ತರವಿರಲಿ.
>
> ಹವಾಮಾನ ಇಲಾಖೆ ಮಳೆಯ ದಿನವನ್ನು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಲೆಕ್ಕ ಹಿಡಿಯುತ್ತದೆ. ಮಕ್ಕಳೂ ಅದೇ ಹೊತ್ತಿಗೆ ಓದಿದರೆ ಹೋಲಿಸಲು ಸುಲಭ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಇಲಾಖೆಯ ಭಾಷೆಯಲ್ಲಿ ಅದು ‘ಮಳೆ ದಿನ’.
>
> ಓದಿ ಬರೆದುಕೊಂಡ ಮೇಲೆ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತನ್ನಿ.

ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕ ಇನ್ನೊಂದು ಕಾಲಂ ಹಾಕಿಸಬೇಕು: ಯಾವ ಮಳೆ? ರೋಹಿಣಿಯೋ, ಮೃಗಶಿರವೋ, ಆರಿದ್ರವೋ? ಇದನ್ನು ಮಕ್ಕಳು ಮೇಡಂ ಹತ್ತಿರ ಕೇಳಿದರೆ ಉತ್ತರ ಸಿಗದಿರಬಹುದು. ಮನೆಯಲ್ಲಿ ತಾತನನ್ನು ಕೇಳಬೇಕು. ತಾತ ಒಂದು ಹೇಳಲು ಹೋಗಿ ಹತ್ತು ಹೇಳುತ್ತಾರೆ: ಯಾವ ಮಳೆಗೆ ರಾಗಿ ಬಿತ್ತುವುದು, ಯಾವ ಮಳೆಗೆ ಕೆರೆ ಕೋಡಿ ಬೀಳುತ್ತಿತ್ತು, ಯಾವ ವರ್ಷ ಬಾವಿಗೆ ಮೊದಲ ಸಲ ಹಗ್ಗ ಸಾಲದೆ ಹೋಯಿತು. ಹದಿಮೂರು, ಹದಿನಾಲ್ಕು ದಿನಕ್ಕೊಂದು ಮಳೆ ಎಂದು ವರ್ಷವನ್ನೇ ಭಾಗ ಮಾಡಿಕೊಂಡಿದ್ದ ಜನರ ಜ್ಞಾನವನ್ನು ಮಿಲಿಮೀಟರಿನ ಪಕ್ಕ ಕೂರಿಸಿದರೆ ಎರಡಕ್ಕೂ ಬೆಲೆ ಹೆಚ್ಚುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಸೌರಫಲಕ ಹೊತ್ತ ಆ ಕಂಬವನ್ನು ಎಷ್ಟೋ ಹಳ್ಳಿಯವರು ದಿನಾ ನೋಡುತ್ತಾರೆ, ಏನೆಂದು ಕೇಳಿಲ್ಲ. ಮಕ್ಕಳ ಬಾಟಲಿ ಹೇಳಿದ ಅಂಕಿಯನ್ನೂ ಸರ್ಕಾರದ ಕಂಬ ಹೇಳಿದ ಅಂಕಿಯನ್ನೂ ಪಕ್ಕಪಕ್ಕ ಬರೆದರೆ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಏಕೆ ಬಂತು ಎಂದು ವಾದ ಮಾಡುವಾಗ ಅವರು ಮಾಡುತ್ತಿರುವುದು ವಿಜ್ಞಾನ.

ಚಾವಣಿಯಿಂದ ಸಂಪಿಗೆ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಒಂದು ವಾಕ್ಯ ಗೊತ್ತಿದ್ದರೆ ಮಳೆಕೊಯ್ಲಿನ ಅರ್ಧ ಪಾಠ ಮುಗಿದಂತೆ. ಮಕ್ಕಳಿಗೆ ಟೇಪು ಕೊಟ್ಟು ಗ್ರಂಥಾಲಯದ ಉದ್ದಗಲ ಅಳೆಯಲು ಹೇಳಿ. ಇಪ್ಪತ್ತಡಿಗೆ ಮೂವತ್ತಡಿ ಇದ್ದರೆ ಸುಮಾರು 56 ಚದರ ಮೀಟರ್. ಕೋಲಾರದ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಗುಣಿಸಿದರೆ 39 ಸಾವಿರ ಲೀಟರ್. ಆವಿಯಾಗಿ, ಸಿಡಿದು, ಮೊದಲ ಮಳೆಯ ಕೊಳೆಯೊಂದಿಗೆ ಹೋಗುವುದು ಐದರಲ್ಲಿ ಒಂದು ಪಾಲು ಎಂದು ಬಿಟ್ಟರೂ 31 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಅಷ್ಟು ಚಿಕ್ಕ ಚಾವಣಿಯ ಮೇಲೆ! “ಅದು ಈಗ ಎಲ್ಲಿಗೆ ಹೋಗ್ತಿದೆ?” ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಮಕ್ಕಳು ಮಳೆಯಲ್ಲಿ ನಿಂತು ನೀರಿನ ಹಿಂದೆಯೇ ಹೋಗಿ ನೋಡಿ ಬರುತ್ತಾರೆ.

ಇಲ್ಲಿ ಒಂದು ಹಳೆಯ ಪ್ರಯತ್ನವನ್ನು ನೆನೆಯಲೇಬೇಕು. ರಾಜ್ಯ ಏಕೀಕರಣದ ಸುವರ್ಣ ಮಹೋತ್ಸವದ ಹೊತ್ತಿಗೆ, 2006ರ ಸುಮಾರಿಗೆ, ಸರ್ಕಾರ ‘ಸುವರ್ಣ ಜಲ’ ಯೋಜನೆ ತಂದಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಚಾವಣಿಗೆ ಪೈಪು ಜೋಡಿಸಿ, ತೊಟ್ಟಿ ಕಟ್ಟಿ, ಮಕ್ಕಳಿಗೆ ಕುಡಿಯಲು ಮಳೆನೀರು ಒದಗಿಸುವ ಯೋಜನೆ. ಕಲ್ಪನೆ ದೊಡ್ಡದು, ಉದ್ದೇಶ ಒಳ್ಳೆಯದು. ಆದರೆ ಕೆಲವೇ ವರ್ಷಗಳಲ್ಲಿ ಅನೇಕ ಕಡೆ ಪೈಪು ಮುರಿದವು, ಸೋಸುಗದಲ್ಲಿ ಎಲೆ ಕೊಳೆಯಿತು, ತೊಟ್ಟಿಗಳು ಬಿರುಕು ಬಿಟ್ಟವು ಅಥವಾ ಖಾಲಿ ಬಿದ್ದವು.

ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ತಿರುಪು ಯಾವುದು, ಅದನ್ನು ಯಾರು, ಯಾವಾಗ ತೆರೆಯಬೇಕು, ಮೇ ತಿಂಗಳಲ್ಲಿ ಚಾವಣಿ ಗುಡಿಸುವುದು ಯಾರ ಕೆಲಸ? ಕಟ್ಟಿದವರು ಹೋದ ಮೇಲೆ ಇದನ್ನು ಬಲ್ಲವರು ಶಾಲೆಯಲ್ಲಿ ಉಳಿಯಲಿಲ್ಲ. ಪೈಪಿಗೆ ಖರ್ಚು ಮಾಡಿದ್ದರಲ್ಲಿ ಒಂದಿಷ್ಟನ್ನು ಮಕ್ಕಳಿಗೆ ಕಲಿಸಲು ಇಟ್ಟಿದ್ದರೆ ಎಷ್ಟೋ ತೊಟ್ಟಿಗಳು ಇಂದಿಗೂ ತುಂಬುತ್ತಿದ್ದವು ಎಂಬುದು ನನ್ನ ನಂಬಿಕೆ. ಇಂದಿಗೂ ಬಹಳ ಶಾಲೆಗಳಲ್ಲಿ ಆ ತೊಟ್ಟಿಗಳು ನಿಂತಿವೆ. ಸಂಜೆಯ ನೀರಿನ ತಂಡಕ್ಕೆ ಮೊದಲ ಕೆಲಸ ಬೇಕಿದ್ದರೆ ಅದೇ: ತೊಟ್ಟಿ ಎಲ್ಲಿದೆ, ಪೈಪು ಎಲ್ಲಿ ಮುರಿದಿದೆ, ಸರಿಪಡಿಸಲು ಏನೇನು ಬೇಕು ಎಂದು ಪಟ್ಟಿ ಮಾಡುವುದು.

ಬೆಂಗಳೂರಿನ ಮಕ್ಕಳಿಗೆ ಇದನ್ನು ಕಣ್ಣಾರೆ ತೋರಿಸಲು ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ 1995ರಿಂದಲೂ ಮಳೆನೀರಿನ ಮೇಲೆಯೇ ನಡೆದುಕೊಂಡು ಬಂದಿದೆ. ಅಂಥ ಮನೆಯೊಂದಿದೆ ಎಂದು ಹೇಳಿದರೆ ಮಕ್ಕಳ ಮೊದಲ ಪ್ರಶ್ನೆ, “ಬೇಸಿಗೇಲಿ ಏನ್ಮಾಡ್ತಾರೆ?” ಅಲ್ಲಿಂದ ಸಂಪು ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕ ಶುರು.

ಒಬ್ಬೊಬ್ಬರ ನೀರು ಒಂದೊಂದು

ನೀರಿನ ಪಾಠ ಹೇಳುವವರು ಮರೆಯಬಾರದ ಮಾತೊಂದಿದೆ. ಎಲ್ಲ ಮಕ್ಕಳ ಮನೆಗೂ ನೀರು ಒಂದೇ ರೀತಿ ಬರುವುದಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನಾಲ್ಕು ಕೊಡ ಹೊತ್ತು ಬಂದ ಹುಡುಗಿಗೆ “ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಮ್ಮ” ಎಂದು ಹೇಳುವುದು ನೋವಿನ ಮಾತು. ಅವಳ ಮನೆಯಲ್ಲಿ ನಲ್ಲಿಯೇ ಇಲ್ಲ. ಪಾತ್ರೆ ತೊಳೆದ ನೀರನ್ನು ಬಾಳೆಗಿಡಕ್ಕೆ, ಅಕ್ಕಿ ತೊಳೆದ ನೀರನ್ನು ಹಸುವಿನ ಕಲಗಚ್ಚಿಗೆ ಹಾಕುವ ಮನೆಯಿಂದ ಬಂದ ಮಗುವೇ ತರಗತಿಗೆ ಪಾಠ ಹೇಳಬಲ್ಲದು. ಅದರ ಬಾಯಿಂದ ಹೇಳಿಸಬೇಕು.

ಮನೆಮನೆಗೆ ನಲ್ಲಿ ಕೊಡುವ ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿದೆ. ನಗರದ ಯೋಜನೆಗಳಲ್ಲಿ ಈ ಅಂಕಿ 135 ಲೀಟರ್. ಇವೆರಡನ್ನೂ ಬೋರ್ಡಿನ ಮೇಲೆ ಬರೆದು, “ನಿಮ್ಮನೆಯದು ಎಷ್ಟು, ನಾಳೆ ಅಳೆದು ಬನ್ನಿ” ಅಂದರೆ ಸಾಕು. ಮಗು ಬಕೆಟ್ ಎಣಿಸುತ್ತದೆ, ವಾಷಿಂಗ್ ಮಷೀನು ನೋಡುತ್ತದೆ, ಫ್ಲಷ್ ಟ್ಯಾಂಕಿನ ಮೇಲಿನ ಅಂಕಿ ಓದುತ್ತದೆ. ಆರ್‌ಒ ಯಂತ್ರದ ಹಿಂದಿನ ಸಣ್ಣ ಪೈಪಿನ ಕೆಳಗೆ ಬಕೆಟ್ ಇಟ್ಟರೆ, ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತಿರುವುದು ಕಾಣುತ್ತದೆ. ಆ ಬಕೆಟ್ ಅವತ್ತಿನಿಂದ ನೆಲ ಒರೆಸಲು ಬರುತ್ತದೆ. ಅಮ್ಮನಿಗೆ ಹೇಳಿಕೊಟ್ಟವಳು ಮಗಳು.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಕ್ಕಳಿಗೆ 2024ರ ಬೇಸಿಗೆ ಮರೆಯುವಂಥದ್ದಲ್ಲ. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಮಾರ್ಚ್ ಹೊತ್ತಿಗೆ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಟ್ಯಾಂಕರಿಗೆ ದರ ನಿಗದಿ ಮಾಡಬೇಕಾಯಿತು. ಗೇಟಿನ ಬಳಿ ಟ್ಯಾಂಕರ್ ಸಾಲು ನಿಂತಿದ್ದನ್ನು ಆ ಮಕ್ಕಳು ನೋಡಿದ್ದಾರೆ. ಆ ಟ್ಯಾಂಕರ್ ಎಲ್ಲಿಂದ ಬಂತು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಅದು ಹೊರವಲಯದ ಯಾವುದೋ ಹಳ್ಳಿಯ ಕೊಳವೆಬಾವಿಯಿಂದ ಬಂದದ್ದು. ಆ ಹಳ್ಳಿಯಲ್ಲೂ ಸಂಜೆ ಶಾಲೆ ಬಿಟ್ಟ ಮಕ್ಕಳಿದ್ದಾರೆ.

> ಬಾಕ್ಸ್: ಬೆಂಗಳೂರಿನ ನಲ್ಲಿಯ ಹಿಂದೆ
>
> 1896: ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು.
>
> 1933: ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು, ಚಾಮರಾಜಸಾಗರ.
>
> 1974: ಕಾವೇರಿ ಮೊದಲ ಹಂತ. ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರಬೇಕು.
>
> 2024: ಕಾವೇರಿ ಐದನೇ ಹಂತ ಉದ್ಘಾಟನೆ. ದಿನಕ್ಕೆ ಹೆಚ್ಚುವರಿ 77.5 ಕೋಟಿ ಲೀಟರ್.
>
> ಇತ್ತ 30x40 ಸೈಟಿನ ಮೇಲೆ ಆಕಾಶದಿಂದಲೇ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಬೀಳುತ್ತದೆ. ಅದಕ್ಕೆ ಪಂಪೂ ಬೇಡ, ಕರೆಂಟೂ ಬೇಡ.

ಅಪಾರ್ಟ್‌ಮೆಂಟಿನಲ್ಲಿ ಕಲಿಸಲು ಅತ್ಯಂತ ಒಳ್ಳೆಯ ಸಾಧನ ನೀರಿನ ಮೀಟರು. ರಾತ್ರಿ ಹತ್ತಕ್ಕೆ ಒಮ್ಮೆ, ಬೆಳಿಗ್ಗೆ ಐದಕ್ಕೆ ಒಮ್ಮೆ ಅದರ ಅಂಕಿ ಬರೆದುಕೊಳ್ಳಬೇಕು. ಎಲ್ಲರೂ ಮಲಗಿದ್ದಾಗಲೂ ಮುಳ್ಳು ಓಡಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2018ರಲ್ಲಿ ನಲ್ಲಿಗಳೆಲ್ಲ ಬಂದ್ ಆಗುವ ‘ಡೇ ಜೀರೋ’ ಭಯ ಹುಟ್ಟಿ, ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದ ಕಾಲದಲ್ಲಿ ಅಲ್ಲಿನ ಶಾಲೆಗಳಿಗೆ ಸ್ಮಾರ್ಟ್ ಮೀಟರು ಅಳವಡಿಸಿದರು. ಬಳಕೆಯ ಅಂಕಿ ಕಣ್ಣಿಗೆ ಕಾಣತೊಡಗಿದ ಮೇಲೆ ಶಾಲೆಗಳ ಬಳಕೆ ಇಳಿಯಿತು. ರಾತ್ರಿಯ ಸೋರಿಕೆಗಳು ಸಿಕ್ಕಿಬಿದ್ದವು.

ಬಣ್ಣ ಬದಲಿಸುವ ನೀರು

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ನೀರಿನ ಪಾಠಕ್ಕೆ ಇನ್ನೊಂದು ಮುಖವಿದೆ. ಅಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಆಳದ ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಸೇರಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗೇ ತೊಂದರೆ.

ಪಂಚಾಯಿತಿಗಳಲ್ಲಿ ನೀರು ಪರೀಕ್ಷಿಸುವ ಕಿಟ್ ಇರುತ್ತದೆ. ಅದನ್ನು ಬಳಸಲು ತರಬೇತಿ ಪಡೆದ ಮಹಿಳೆಯರು ಅನೇಕ ಊರುಗಳಲ್ಲಿದ್ದಾರೆ. ಅವರನ್ನು ಒಂದು ಸಂಜೆ ಕರೆಸಬೇಕು. ಪುಟ್ಟ ಗಾಜಿನ ನಳಿಕೆಗೆ ಬೋರ್‌ವೆಲ್ ನೀರು ಹಾಕಿ ಹನಿ ಔಷಧಿ ಬಿಡುತ್ತಾರೆ. ಗುಲಾಬಿ ಬಣ್ಣ ನಿಧಾನವಾಗಿ ಹಳದಿಯತ್ತ ತಿರುಗುತ್ತದೆ. ಹಳದಿ ಹೆಚ್ಚಾದಷ್ಟೂ ಫ್ಲೋರೈಡ್ ಹೆಚ್ಚು. ಸುತ್ತ ನಿಂತ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಕೆಲವರು ನಾಲಗೆಯಿಂದ ತಮ್ಮ ಹಲ್ಲನ್ನು ಮೆಲ್ಲಗೆ ಮುಟ್ಟಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬ ಅಕ್ಕ ಇರಬೇಕು, ಇದು ನಿಮ್ಮ ತಪ್ಪಲ್ಲ ಎಂದು ಹೇಳಬೇಕು.

ಎರಡನೆಯ ನಳಿಕೆಗೆ ಚಾವಣಿಯಿಂದ ಹಿಡಿದ ಮಳೆನೀರು. ಅದು ಗುಲಾಬಿಯಾಗಿಯೇ ಉಳಿಯುತ್ತದೆ. ಮಳೆನೀರು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಭಾಷಣ ಬೇಡ. ಆದರೆ ಚಾವಣಿಯ ಮೇಲೆ ಹಕ್ಕಿಯ ಹಿಕ್ಕೆ, ಧೂಳು ಇರುತ್ತದೆ. ಮಳೆನೀರನ್ನೂ ಸೋಸಿ, ಕಾಯಿಸಿಯೇ ಕುಡಿಯಬೇಕು ಎಂದೂ ಅದೇ ಉಸಿರಿನಲ್ಲಿ ಹೇಳಬೇಕು. ಮರಳು, ಇದ್ದಿಲು, ಜಲ್ಲಿ ತುಂಬಿ ಮಕ್ಕಳು ಬಾಟಲಿ ಸೋಸುಗ ಮಾಡುವ ಆಟ ಎಲ್ಲ ಕಡೆ ಜನಪ್ರಿಯ. ಕೆಸರು ನೀರು ತಿಳಿಯಾಗಿ ಇಳಿಯುವುದನ್ನು ನೋಡಿ ಕೇಕೆ ಹಾಕುತ್ತಾರೆ. ತಿಳಿಯಾದ ನೀರೆಲ್ಲ ಕುಡಿಯುವ ನೀರಲ್ಲ ಎಂಬುದನ್ನು ಹೇಳದೆ ಆ ಆಟ ಮುಗಿಸಬಾರದು.

ಏರಿ, ತೂಬು, ಕೋಡಿ

ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ಕೆರೆಗೆ ಹೋಗಬಹುದು. ಮೊದಲೇ ಹೇಳಿಬಿಡುತ್ತೇನೆ: ಪ್ರತಿ ಬೇಸಿಗೆಯಲ್ಲೂ ಕೆರೆ, ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದುತ್ತಲೇ ಇದ್ದೇವೆ. ಹೂಳೆತ್ತಿದ ಕೆರೆಯಲ್ಲಿ ಎಲ್ಲಿ ಗುಂಡಿ ಇದೆ ಎಂದು ಮೇಲಿನಿಂದ ತಿಳಿಯುವುದಿಲ್ಲ. ಈಜು ಬಲ್ಲ ಇಬ್ಬರು ದೊಡ್ಡವರಿಲ್ಲದೆ ಒಂದು ಮಗುವೂ ನೀರಿನ ಅಂಚಿಗೆ ಹೋಗಬಾರದು. ಹಗ್ಗ ಜೊತೆಗಿರಬೇಕು. ಇದು ಸಹ ನೀರಿನ ಪಾಠವೇ.

ಏರಿಯ ಮೇಲೆ ನಡೆಯುತ್ತಾ ಊರಿನ ಹಿರಿಯರೊಬ್ಬರು ಜೊತೆಯಾದರೆ ಕೆರೆ ಮಾತಾಡತೊಡಗುತ್ತದೆ. ಇದು ತೂಬು, ಇಲ್ಲಿಂದ ಗದ್ದೆಗೆ ನೀರು ಬಿಡುತ್ತಿದ್ದರು. ಅದು ಕೋಡಿ, ಹೆಚ್ಚಾದ ನೀರು ಅಲ್ಲಿಂದ ಹೊರಟು ಕೆಳಗಿನ ಊರಿನ ಕೆರೆ ಸೇರುತ್ತದೆ. ನೀರುಗಂಟಿ ಎಂಬವನಿದ್ದ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅವನೇ ತೀರ್ಮಾನಿಸುತ್ತಿದ್ದ, ಅವನ ಮಾತಿಗೆ ಗೌಡರೂ ಎದುರಾಡುತ್ತಿರಲಿಲ್ಲ. ಮಕ್ಕಳು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಳ್ಳುತ್ತಾರೆ. ನೀರು ಬರುವ ಕಾಲುವೆಯನ್ನು ಹಿಂಬಾಲಿಸಿ ಹೋದರೆ ಎಲ್ಲೋ ಒಂದು ಕಡೆ ಅದು ಕಾಣೆಯಾಗುತ್ತದೆ: ಒಂದು ಲೇಔಟ್, ಒಂದು ಕಾಂಪೌಂಡ್, ಒಂದು ಮಣ್ಣಿನ ಗುಡ್ಡೆ. ನಕ್ಷೆಯಲ್ಲಿ ಆ ಜಾಗಕ್ಕೆ ಕೆಂಪು ಗುರುತು.

ಚಿತ್ರದುರ್ಗದ ಕಡೆಯವರಿಗೆ ಇನ್ನೂ ದೊಡ್ಡ ಪುಸ್ತಕ ತೆರೆದೇ ಇದೆ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ. ಮಳೆ ಕಡಿಮೆಯ ನಾಡಿನ ಬಂಡೆಗಳ ಮಧ್ಯೆ ಒಂದು ಹನಿಯನ್ನೂ ಸುಮ್ಮನೆ ಹರಿಯಬಿಡದೆ ಕಟ್ಟಿದ ಸರಣಿ ಅದು. ಒಳ್ಳೆಯ ಮಳೆಯ ಮರುದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಮೇಲಿನಿಂದ ಕೆಳಕ್ಕೆ ನಡೆಸಬೇಕು.

ಬಾವಿ ತೋಡುವ ಮಣ್ಣು ವಡ್ಡರ ಸಮುದಾಯದವರನ್ನೂ ಒಂದು ಸಂಜೆ ಗುರುಗಳಾಗಿ ಕರೆಯಬೇಕು. ಬೆಂಗಳೂರಿನಲ್ಲಿ ‘ಹತ್ತು ಲಕ್ಷ ಬಾವಿ’ ಅಭಿಯಾನ ಅವರ ಕೈಕಸುಬಿನ ಮೇಲೆಯೇ ನಿಂತಿದೆ. ಕಬ್ಬನ್ ಉದ್ಯಾನದ ಹಳೆಯ ಬಾವಿಗಳು ಮತ್ತೆ ನೀರು ಕಂಡದ್ದೂ ಅವರಿಂದಲೇ. ಯಾವ ಮಣ್ಣು ನೀರು ಕುಡಿಯುತ್ತದೆ, ಯಾವುದು ಉಗುಳುತ್ತದೆ ಎಂದು ಹಿಡಿ ಮಣ್ಣು ಉಂಡೆ ಕಟ್ಟಿ ಹೇಳಬಲ್ಲ ಆ ಜ್ಞಾನಕ್ಕೆ ಮಕ್ಕಳ ಮುಂದೆ ಗೌರವ ಸಿಗಬೇಕು.

ಹೊಲದ ನೀರಿನ ಮಾತು

ಹಲ್ಲುಜ್ಜುವ ಲೋಟದಲ್ಲೇ ನೀರಿನ ಪಾಠ ಮುಗಿಸಿದರೆ ಮಕ್ಕಳಿಗೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ದೇಶದಲ್ಲಿ ಮೇಲೆತ್ತುವ ಅಂತರ್ಜಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಹೋಗುವುದು ಬೇಸಾಯಕ್ಕೆ. ಒಂದು ಕಿಲೋ ಅಕ್ಕಿಗೆ ಜಗತ್ತಿನ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು. ಕೋಲಾರದ ಮಗುವಿನ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ, ಬೋರ್‌ವೆಲ್ ಕೊರೆಸಲು ಮಾಡಿದ ಸಾಲ ಇನ್ನೂ ತೀರಿಲ್ಲ. ಆ ಮಗುವಿಗೆ ಅಪ್ಪನ ಮೇಲೆ ಬೆರಳು ತೋರಿಸುವ ಪಾಠ ಬೇಡ. ಹನಿ ನೀರಾವರಿಯ ಪೈಪಿನಿಂದ ಗಂಟೆಗೆ ಎಷ್ಟು, ಕಾಲುವೆ ಕಟ್ಟಿ ಹಾಯಿಸಿದರೆ ಎಷ್ಟು ಎಂದು ಅಪ್ಪನ ಜೊತೆ ಕೂತು ಅಳೆಯುವ ಪಾಠ ಬೇಕು. ಬಿಸಿಯೂಟದ ತಟ್ಟೆಯಲ್ಲಿ ಉಳಿದ ಅನ್ನದಲ್ಲಿ ಎಷ್ಟು ಬಿಂದಿಗೆ ನೀರಿದೆ ಎಂದು ಲೆಕ್ಕ ಹಾಕಿದ ಮಗು ಮರುದಿನ ತನಗೆ ಬೇಕಾದಷ್ಟೇ ಬಡಿಸಿಕೊಳ್ಳುತ್ತದೆ. ರಾಗಿ ಏಕೆ ಈ ನೆಲದ ಬೆಳೆ ಎಂಬುದೂ ಆಗ ಹೊಳೆಯುತ್ತದೆ.

ಸಭೆಯಲ್ಲಿ ಮಂಡಿಸುವ ಪುಸ್ತಕ

ಜೂನ್‌ನಲ್ಲಿ ಶುರುವಾದ ಮಳೆ ನೋಟ್‌ಬುಕ್ ಅಕ್ಟೋಬರ್ ಮುಗಿಯುವಾಗ ತುಂಬಿರುತ್ತದೆ. ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ದಾರಿ ತೋರಿಸಿ, ರಾಜ್ಯಕ್ಕೆಲ್ಲ ಹಬ್ಬಿದ ಒಳ್ಳೆಯ ಪದ್ಧತಿ ಇದು. ಎಷ್ಟೋ ಸಭೆಗಳಲ್ಲಿ ಮಕ್ಕಳು “ನಮ್ಮ ಶಾಲೆಗೆ ನೀರು ಬೇಕು” ಎನ್ನುತ್ತಾರೆ, ಅಧ್ಯಕ್ಷರು “ಕೊಡಿಸೋಣ” ಎನ್ನುತ್ತಾರೆ, ಸಭೆ ಮುಗಿಯುತ್ತದೆ.

ಅದೇ ಸಭೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಹೀಗೆ ಓದಿದರೆ? “ನಮ್ಮೂರಿನ 42 ನಲ್ಲಿಗಳಲ್ಲಿ 9 ಸೋರುತ್ತಿವೆ, ದಿನಕ್ಕೆ ಇಷ್ಟು ಬಿಂದಿಗೆ. ಶಾಲೆಯ ತೊಟ್ಟಿಗೆ ಎರಡು ಪೈಪು, ಒಂದು ಜಾಲರಿ ಬೇಕು. ಕೆರೆಗೆ ನೀರು ಬರುವ ಕಾಲುವೆ ಈ ಸರ್ವೆ ನಂಬರಿನಲ್ಲಿ ಮುಚ್ಚಿದೆ, ನಕ್ಷೆ ಇಲ್ಲಿದೆ.” ಅದಕ್ಕೆ “ಕೊಡಿಸೋಣ” ಎಂಬ ಉತ್ತರ ಸಾಲದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಡಾವಳಿಯಲ್ಲಿ ಬರೆದುಕೊಳ್ಳಲೇಬೇಕು.

2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಪಂಚಾಯಿತಿಗಳು ಊರಿನ ನೀರಿನ ಆಯವ್ಯಯ ತಯಾರಿಸಿದ್ದವು: ಎಷ್ಟು ಮಳೆ ಬಂತು, ಎಷ್ಟು ಇಂಗಿತು, ಎಷ್ಟು ಎತ್ತಿದೆವು. ಆ ಆಯವ್ಯಯಕ್ಕೆ ದಿನದಿನದ ಅಂಕಿ ಬರೆಯುವ ಕೈಗಳು ಪ್ರತಿ ಊರಿನ ಗ್ರಂಥಾಲಯದಲ್ಲೂ ಸಂಜೆ ಕತೆ ಪುಸ್ತಕ ಹಿಡಿದು ಕೂತಿವೆ. ಪಂಚಾಯಿತಿ ಮಾಡಬೇಕಾದದ್ದು ಹೆಚ್ಚಿಲ್ಲ. ಅಳತೆ ಪಾತ್ರೆ, ಟೇಪು, ಒಂದು ದಪ್ಪ ರಿಜಿಸ್ಟರ್ ಕೊಡಬೇಕು. ಗ್ರಂಥಾಲಯ ಮೇಲ್ವಿಚಾರಕರಿಗೆ ಒಂದು ದಿನದ ತರಬೇತಿ, ಅದಕ್ಕೆ ತಕ್ಕ ಗೌರವಧನ ಕೊಡಬೇಕು, ಏಕೆಂದರೆ ಈಗಾಗಲೇ ಕಡಿಮೆ ಸಂಬಳದಲ್ಲಿ ಹೆಚ್ಚು ಕೆಲಸ ಮಾಡುತ್ತಿರುವವರು ಅವರು. ಮಕ್ಕಳು ಬರೆದ ಅಂಕಿಯನ್ನು ಪಂಚಾಯಿತಿ ಕಚೇರಿಯ ಹೊರಗಿನ ಕಪ್ಪುಹಲಗೆಯ ಮೇಲೆ ವಾರಕ್ಕೊಮ್ಮೆ ಬರೆಸಬೇಕು, ದೊಡ್ಡ ಅಕ್ಷರದಲ್ಲಿ, ಹಾಲಿನ ಡೇರಿಗೆ ಹೋಗುವವರೆಲ್ಲ ಓದುವ ಹಾಗೆ.